ಎಣ್ಣೆ ಕೊಳ್ಳುವ ಮುನ್ನ ಮೂರು ತಿಂಗಳ ಹಿಂದಕ್ಕೆ ಎಣಿಸಿ

2022ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಸೊಲ್ಲಾಪುರದ ಜಿಲ್ಲಾಧಿಕಾರಿ ಕಚೇರಿಗೆ ಮದುವೆಯಾಗದ ಯುವಕರು ವರನ ವೇಷದಲ್ಲಿ, ಕುದುರೆ ಏರಿ, ಬ್ಯಾಂಡು ಬಾರಿಸಿಕೊಂಡು ಮೆರವಣಿಗೆ ಹೋದರು. ಕನ್ಯೆ ಸಿಗುತ್ತಿಲ್ಲ, ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯನ್ನು ಬಿಗಿಯಾಗಿ ಜಾರಿ ಮಾಡಿ ಎಂಬುದು ಅವರ ಬೇಡಿಕೆಯಾಗಿತ್ತು. ದೂರದಿಂದ ನೋಡಿದವರಿಗೆ ಅದು ಮೋಜಿನ ಸುದ್ದಿ. ಆ ಜಿಲ್ಲೆಯ ಹಳ್ಳಿಗಳಲ್ಲಿ ಮಗನಿಗೆ ಸಂಬಂಧ ಹುಡುಕುತ್ತಿರುವ ಮನೆಗಳಿಗೆ ಅದು ದಿನನಿತ್ಯದ ಸಂಕಟ. ಹುಡುಗನಿಗೆ ನೌಕರಿ ಇದೆಯೇ, ಹೊಲಕ್ಕೆ ನೀರಿದೆಯೇ, ಪುಣೆಯಲ್ಲಿ ಮನೆ ಮಾಡುತ್ತಾನೆಯೇ ಎಂಬ ಪ್ರಶ್ನೆಗಳೆಲ್ಲ ಮುಗಿದ ಮೇಲೂ ಕಣ್ಣು ಅವನ ತಲೆಗೂದಲ ಮೇಲೆ ನಿಲ್ಲುತ್ತದೆ. ಹಾಗಾಗಿ ಇಪ್ಪತ್ತೈದರ ಹುಡುಗನೊಬ್ಬ ಬಾಚಣಿಗೆಯಲ್ಲಿ ಸಿಕ್ಕ ಕೂದಲು ನೋಡಿ ನಿದ್ದೆಗೆಟ್ಟರೆ ಅದನ್ನು ಶೋಕಿ ಎಂದು ತಳ್ಳಿಹಾಕುವುದು ಅನ್ಯಾಯ. ಅವನ ಭಯಕ್ಕೆ ಕಾರಣವಿದೆ. ಆದರೆ ಆ ಭಯದಲ್ಲಿ ಅವನು ಮೊದಲು ಇಡುವ ಹೆಜ್ಜೆ ಬಹುತೇಕ ತಪ್ಪು ದಿಕ್ಕಿನದು ಎಂಬುದೇ ನನ್ನ ವಾದ. ಕೂದಲು ಉದುರತೊಡಗಿದಾಗ ಅಂಗಡಿಗೆ ಓಡುವುದಕ್ಕಿಂತ ಮೊದಲು ಕಾರಣ ಹುಡುಕಬೇಕು, ಆ ಹುಡುಕಾಟ ಇವತ್ತಿನ ದಿನದಿಂದಲ್ಲ, ಎರಡು ಮೂರು ತಿಂಗಳ ಹಿಂದಿನಿಂದ ಶುರುವಾಗಬೇಕು.

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಪ್ರತಿಯೊಂದೂ ಎರಡರಿಂದ ಆರು ವರ್ಷ ಬೆಳೆದು, ಆಮೇಲೆ ಸುಮಾರು ಮೂರು ತಿಂಗಳು ಸುಮ್ಮನಿದ್ದು, ಕೊನೆಗೆ ಉದುರಿ ಹೊಸದಕ್ಕೆ ಜಾಗ ಬಿಡುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಆರೋಗ್ಯವಂತರಲ್ಲೂ ಸಹಜ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ, ಅಂದರೆ ಡೆಂಗಿ ಅಥವಾ ಟೈಫಾಯ್ಡ್ ಜ್ವರ, ಶಸ್ತ್ರಚಿಕಿತ್ಸೆ, ಏಕಾಏಕಿ ತೂಕ ಇಳಿಕೆ, ಮನೆಯಲ್ಲೊಂದು ಸಾವು, ತಿಂಗಳುಗಟ್ಟಲೆ ನಿದ್ದೆಯಿಲ್ಲದ ಆತಂಕದಂಥದ್ದು ಎದುರಾದಾಗ, ಬೆಳೆಯುತ್ತಿದ್ದ ಕೂದಲುಗಳಲ್ಲಿ ದೊಡ್ಡ ಪಾಲು ಒಟ್ಟಿಗೇ ವಿಶ್ರಾಂತಿಗೆ ಜಾರುತ್ತದೆ. ಉದುರುವುದು ಮಾತ್ರ ಎರಡು ಮೂರು ತಿಂಗಳ ನಂತರ. 1961ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಇದನ್ನು ವಿವರಿಸಿ ಟೆಲೋಜನ್ ಎಫ್ಲುವಿಯಂ ಎಂದು ಹೆಸರಿಟ್ಟರು. ಒತ್ತಡ ಕೂದಲನ್ನು ಹೇಗೆ ಮುಟ್ಟುತ್ತದೆ ಎಂಬುದರ ಒಂದು ಸುಳಿವು 2021ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳಿಂದ ಬಂತು. ಇಲಿಗಳಲ್ಲಿ ಒತ್ತಡದ ಹಾರ್ಮೋನು ಏರಿದಾಗ ಕೂದಲಬುಡದ ಕಾಂಡಕೋಶಗಳನ್ನು ಎಬ್ಬಿಸುವ ಒಂದು ಪ್ರೋಟೀನು ಕುಗ್ಗುತ್ತದೆ, ಕೋಶಗಳು ಮಲಗಿಯೇ ಉಳಿಯುತ್ತವೆ. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ಹಾಗೆಯೇ ಅಂಟಿಸಲಾಗದು, ನಿಜ. ಆದರೂ ಇಲ್ಲೊಂದು ಸಮಾಧಾನದ ಮಾತಿದೆ: ಮಲಗಿದ ಬುಡ ಸತ್ತಿರುವುದಿಲ್ಲ. ಕಾರಣ ದೂರವಾದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವಿಕೆ ತಗ್ಗುತ್ತದೆ, ಕೂದಲು ಮರಳುತ್ತದೆ.

ಸೊಲ್ಲಾಪುರ, ಅದೇ ಜಿಲ್ಲೆಯ ಅಕ್ಕಲಕೋಟೆಯ ಹುಡುಗರ ಬದುಕಿಗೆ ಈ ಲೆಕ್ಕ ಹಚ್ಚಿ ನೋಡಿ. ಪೊಲೀಸ್ ಭರ್ತಿಯ 1600 ಮೀಟರ್ ಓಟಕ್ಕಾಗಿ ಊಟ ಕಡಿಮೆ ಮಾಡಿ ತಿಂಗಳೊಪ್ಪತ್ತಿನಲ್ಲಿ ಮೈ ಇಳಿಸಿದವನು, ರಾಜ್ಯ ಲೋಕಸೇವಾ ಆಯೋಗದ ಎಂಪಿಎಸ್‌ಸಿ ಪರೀಕ್ಷೆಗೆಂದು ಪುಣೆಯ ಕೋಣೆಯಲ್ಲಿ ಅರೆಹೊಟ್ಟೆ ಅರೆನಿದ್ದೆಯಲ್ಲಿ ಓದಿದವನು, ಪವರ್‌ಲೂಮಿನಲ್ಲಿ ರಾತ್ರಿಪಾಳಿ ಮಾಡಿದವನು, ಇವರಿಗೆಲ್ಲ ಕೂದಲು ಉದುರುವ ಹೊತ್ತಿಗೆ ಪರೀಕ್ಷೆ ಮುಗಿದಿರಬಹುದು, ಜ್ವರ ಮರೆತೇಹೋಗಿರಬಹುದು. ಆಗ ಕಣ್ಣಿಗೆ ಬೀಳುವುದು ಮೊನ್ನೆ ಬದಲಿಸಿದ ಶಾಂಪೂ, ಬೋರ್‌ವೆಲ್ಲಿನ ಗಡಸು ನೀರು. ಅವುಗಳ ಮೇಲೆ ತಪ್ಪು ಹೊರಿಸಿ ಎಣ್ಣೆ ಕೊಳ್ಳುತ್ತಾನೆ. ಆ ಹೊತ್ತಿಗೆ ದೇಹ ತಾನೇ ಚೇತರಿಸಿಕೊಳ್ಳತೊಡಗಿರುತ್ತದೆ, ಕೀರ್ತಿ ಎಣ್ಣೆಗೆ ಹೋಗುತ್ತದೆ. ಬಾಟಲಿಗಳ ವ್ಯಾಪಾರ ನಡೆಯುವುದು ಬಹಳಮಟ್ಟಿಗೆ ಈ ಕಾಕತಾಳೀಯದ ಮೇಲೆ.

ಎಣ್ಣೆಯಿಂದ ಕೇಡೇನು, ಹಚ್ಚಿಕೊಂಡರೆ ಹಚ್ಚಿಕೊಳ್ಳಲಿ ಎನ್ನುವವರಿದ್ದಾರೆ. ತಾಯಿ ಕಾಯಿಸಿ ಕೊಡುವ ಕೊಬ್ಬರಿ ಎಣ್ಣೆಗೆ ನನ್ನ ತಕರಾರಿಲ್ಲ. ತಕರಾರಿರುವುದು ಕಳೆದುಹೋಗುವ ಕಾಲದ ಬಗ್ಗೆ. ಏಕೆಂದರೆ ಯುವಕರ ಕೂದಲು ಉದುರುವುದೆಲ್ಲ ಒತ್ತಡದ್ದಲ್ಲ. ತಲೆಯ ತುಂಬ ಸಮನಾಗಿ ತೆಳುವಾಗದೆ, ಹಣೆಯ ಎರಡು ಮೂಲೆಗಳಲ್ಲಿ ಅಥವಾ ನೆತ್ತಿಯಲ್ಲಿ ನಿಧಾನವಾಗಿ ಜಾಗ ತೆರೆಯುತ್ತಿದ್ದರೆ ಅದು ವಂಶದಿಂದ ಬಂದದ್ದು, ಗಂಡು ಹಾರ್ಮೋನಿನ ಕೆಲಸ. ಅದು ಒತ್ತಡ ಕಳೆದರೂ ತಾನಾಗಿ ಹಿಂದಿರುಗುವುದಿಲ್ಲ, ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಉಳಿಯುತ್ತದೆ. ನಾಣ್ಯದಗಲ ಒಂದೇ ಕಡೆ ನುಣ್ಣಗಾದರೆ ಅದು ದೇಹದ ರೋಗನಿರೋಧಕ ಶಕ್ತಿಯೇ ಕೂದಲಬುಡದ ಮೇಲೆ ತಿರುಗಿಬಿದ್ದ ಇನ್ನೊಂದು ಕಾಯಿಲೆ. ಮೂರಕ್ಕೂ ದಾರಿ ಬೇರೆಬೇರೆ. ‘ಟೆನ್ಷನ್ ತಗೋಬ್ಯಾಡ, ತಾನ ಬರ್ತಾವ’ ಎಂಬ ಹಿರಿಯರ ಮಾತು ಮೊದಲನೆಯವನಿಗೆ ಸರಿ, ಎರಡನೆಯವನಿಗೆ ನಷ್ಟ.

ಮೊದಲು ಹೊಳೆದ ಕಾರಣವೇ ನಿಜವಾದ ಕಾರಣವಾಗಿರಬೇಕಿಲ್ಲ ಎಂಬುದಕ್ಕೆ ಮಹಾರಾಷ್ಟ್ರವೇ ಪಾಠ ಕಂಡಿದೆ. 2025ರ ಜನವರಿಯಲ್ಲಿ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ತಾಲ್ಲೂಕಿನ ಹಳ್ಳಿಗಳಲ್ಲಿ ಜನರ ಕೂದಲು ಕೆಲವೇ ದಿನಗಳಲ್ಲಿ ಗೊಂಚಲು ಗೊಂಚಲಾಗಿ ಉದುರಿತು. ಮೊದಲು ಸಂಶಯ ಬಿದ್ದದ್ದು ನೀರಿನ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಂಡ ಬಂತು. ಚೇಳು ಕಡಿತದ ಚಿಕಿತ್ಸೆಗೆ ಹೆಸರಾದ ಡಾ. ಹಿಮ್ಮತರಾವ್ ಬಾವಸ್ಕರ್ ತಮ್ಮ ಪರೀಕ್ಷೆಗಳಲ್ಲಿ ಜನರ ರಕ್ತ ಮತ್ತು ಕೂದಲಲ್ಲಿ ಸೆಲೆನಿಯಂ ವಿಪರೀತ ಹೆಚ್ಚಿರುವುದನ್ನು ಕಂಡು ಪಡಿತರದ ಗೋಧಿಯತ್ತ ಬೆರಳು ತೋರಿದರು. ಯೋಚಿಸಬೇಕಾದ್ದೆಂದರೆ, ಕೂದಲಿಗೆಂದು ಮಾರುವ ಎಷ್ಟೋ ಗುಳಿಗೆಗಳಲ್ಲಿ ಇದೇ ಸೆಲೆನಿಯಂ ಇರುತ್ತದೆ. ಕೊರತೆಯಿಲ್ಲದವನು ಎರಡು ಮೂರು ಬಗೆಯ ಗುಳಿಗೆ ಒಟ್ಟಿಗೆ ನುಂಗಿದರೆ ಉದುರುವಿಕೆ ಹೆಚ್ಚಲೂಬಹುದು. ವಿಟಮಿನ್ ‘ಎ’ ಮಿತಿಮೀರಿದರೂ ಅದೇ ಫಲ. ಕೂದಲ ಗುಳಿಗೆಗಳಲ್ಲಿ ಸಿಗುವ ಬಯೋಟಿನ್ ಎಂಬ ಇನ್ನೊಂದು ವಿಟಮಿನ್ ಥೈರಾಯ್ಡ್ ಮತ್ತು ಹೃದಯದ ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿಸಬಲ್ಲದು.

ಇನ್ನೂ ಗಂಭೀರ ಸಂಗತಿ ಫಿನಾಸ್ಟರೈಡ್ ಎಂಬ ಗುಳಿಗೆಯದು. ವಂಶದ ಬೋಳಿಗೆ ಅದು ಕೆಲಸ ಮಾಡುತ್ತದೆ, ಒತ್ತಡದ ಉದುರುವಿಕೆಗೆ ಅದು ಮದ್ದಲ್ಲ. ಲೈಂಗಿಕ ತೊಂದರೆ, ಖಿನ್ನತೆ ಅದರ ಗೊತ್ತಿರುವ ಅಡ್ಡಪರಿಣಾಮಗಳು. ಆತ್ಮಹತ್ಯೆಯ ಯೋಚನೆಯೂ ಬರಬಹುದೆಂದು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ದೃಢಪಡಿಸಿತು. ಮೊದಲೇ ಮನಸ್ಸು ಕುಗ್ಗಿರುವ ಹುಡುಗ ವೈದ್ಯರನ್ನು ಕಾಣದೆ, ಮೊಬೈಲಿನಲ್ಲಿ ನೋಡಿದ ಹೆಸರು ಹೇಳಿ ಔಷಧ ಅಂಗಡಿಯಿಂದ ಅದನ್ನು ತಂದು ನುಂಗುವುದೆಂದರೆ ನನಗೆ ನಿಜವಾಗಿಯೂ ಹೆದರಿಕೆಯಾಗುತ್ತದೆ. ಬೋಳುತಲೆಯನ್ನು ವಾಸಿ ಮಾಡುತ್ತದೆಂದು ಯಾವ ಔಷಧದ ಬಗ್ಗೆಯೂ ಹೇಳಿಕೊಳ್ಳುವುದನ್ನು ನಮ್ಮ ಔಷಧ ನಿಯಮಗಳ ‘ಜೆ’ ಅನುಸೂಚಿ ನಿಷೇಧಿಸಿದೆ. ಆ ನಿಯಮ ಜಾಹೀರಾತುಗಳ ಅಬ್ಬರದಲ್ಲಿ ಯಾರಿಗೂ ಕೇಳಿಸುತ್ತಿಲ್ಲ.

ಒತ್ತಡದ ಬೇರು ನಿರುದ್ಯೋಗ, ಬರ, ಕೂಡಿಬರದ ಮದುವೆ. ಅವುಗಳನ್ನು ಚರ್ಮವೈದ್ಯರು ತೀರಿಸುತ್ತಾರೆಯೇ ಎಂದು ಕೇಳಬಹುದು. ಇದು ತೂಕದ ಆಕ್ಷೇಪ, ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಉದ್ಯೋಗ ಕೊಡಬೇಕಾದ್ದು ಸರಕಾರ ಮತ್ತು ಉದ್ದಿಮೆ. ಆದರೆ ಇಲ್ಲಿ ಒತ್ತಡ ಎರಡು ಪದರದ್ದು. ಬದುಕಿನ ಒತ್ತಡದ ಮೇಲೆ ‘ನಾನು ಬೋಳಾಗುತ್ತಿದ್ದೇನೆ’ ಎಂಬ ಇನ್ನೊಂದು ಒತ್ತಡ ಕೂರುತ್ತದೆ. ಎರಡನೆಯದನ್ನು ತಿಳಿವಳಿಕೆಯೊಂದೇ ಬಹುಪಾಲು ಇಳಿಸಬಲ್ಲದು. ಜೊತೆಗೆ ನಿದ್ದೆ, ಹೊಟ್ಟೆತುಂಬ ಊಟ, ರೊಟ್ಟಿಯ ಜೊತೆ ಬೇಳೆ, ಶೇಂಗಾ, ಮೊಟ್ಟೆಯಂಥ ಪ್ರೋಟೀನು, ರಕ್ತದಲ್ಲಿ ಕಬ್ಬಿಣಾಂಶ ಮತ್ತು ಥೈರಾಯ್ಡ್ ಪರೀಕ್ಷೆ, ಇವು ಕೈಗೆಟುಕುವ ಸಂಗತಿಗಳು.

ಸೊಲ್ಲಾಪುರದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜನ ‘ಸಿವಿಲ್’ ಎನ್ನುವುದು, ಅಕ್ಕಲಕೋಟೆಯಿಂದ ಸುಮಾರು 40 ಕಿ.ಮೀ. ದೂರದಲ್ಲಿದೆ. ಕೂದಲಿನ ದೂರು ಹೊತ್ತು ಒಂದು ದಿನದ ಕೂಲಿ ಬಿಟ್ಟು ಅಲ್ಲಿಗೆ ಹೋಗಲು ಹುಡುಗರು ನಾಚುತ್ತಾರೆ. ಮನೆಮಾತು ಕನ್ನಡವಾದವನಿಗೆ ಮನಸ್ಸಿನ ದುಗುಡವನ್ನು ಮರಾಠಿಯಲ್ಲಿ ಬಿಚ್ಚಿಡುವುದೂ ಸುಲಭವಲ್ಲ. ಅಕ್ಕಲಕೋಟೆಯ ಗ್ರಾಮೀಣ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಚರ್ಮರೋಗ ತಜ್ಞರೂ ಕನ್ನಡ ಬಲ್ಲ ಆಪ್ತಸಮಾಲೋಚಕರೂ ಸಿಗುವಂತೆ ಮಹಾರಾಷ್ಟ್ರದ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಲಿ. ಅಲ್ಲಿಯವರೆಗೆ, ಮನಸ್ಸಿಗೆ ಭಾರವಾದವರು ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.