ಸಿಡಿ ಇಲ್ಲದಿದ್ರೆ ಹಾಡೂ ಇಲ್ವಾ?

ಸೀ ಲೋ ಗ್ರೀನ್, ಡೇಂಜರ್ ಮೌಸ್ ಜೋಡಿಯ 'ಕ್ರೇಜಿ' ನೆನಪಿದೆಯಾ? 2006ರ ಏಪ್ರಿಲ್‌ನಲ್ಲಿ ಅಂಗಡಿಗೆ ಸಿಡಿ ಬರೋ ಮೊದಲೇ, ಬರೀ ಡೌನ್‌ಲೋಡ್ ಲೆಕ್ಕದಲ್ಲಿ ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯ ತುದಿಗೇರಿದ ಮೊಟ್ಟಮೊದಲ ಹಾಡು. ಒಂಬತ್ತು ವಾರ ಅಲ್ಲೇ ಕೂತಿತ್ತು. ಜನಕ್ಕೆ ಬೇಜಾರಾಗೋ ಮುಂಚೆ ಅಂತ ಅವರೇ ಸಿಡಿ ಮಾರಾಟ ನಿಲ್ಲಿಸಿದರು. ಅದು ಅವರಿಷ್ಟ ಬಿಡಿ. ಆದರೆ ಆಗಿನ ನಿಯಮ ನೋಡಿ, ಸಿಡಿ ನಿಂತು ಎರಡು ವಾರವಾದರೆ ಡೌನ್‌ಲೋಡೂ ಲೆಕ್ಕಕ್ಕಿಲ್ಲ! ಜನ ದುಡ್ಡು ಕೊಟ್ಟು ಇಳಿಸಿಕೊಳ್ತಿದ್ದ ಹಾಡು ಪಟ್ಟಿಯಿಂದ ಮಾಯ. ಎಣಿಸಬೇಕಾದ್ದು ಕೇಳೋರನ್ನೋ, ಅಂಗಡಿಯ ಕಪಾಟನ್ನೋ? ನಾನು ಇಂಥ ಪ್ರೋಗ್ರಾಂ ಬರೆದಿದ್ರೆ ಟೆಸ್ಟಿಂಗ್‌ನವರು ಬಗ್ ಅಂತ ನನ್ನ ತಲೆಗೇ ಕಟ್ಟುತ್ತಿದ್ದರು (ಕಟ್ಟಿದ್ದಾರೆ ಕೂಡ). ಕೊನೆಗೆ 2007ರ ಜನವರಿಯಲ್ಲಿ ನಿಯಮ ಬದಲಾಯ್ತು, 'ಕ್ರೇಜಿ' ಮತ್ತೆ ಪಟ್ಟಿಯೊಳಗೆ ಹಾಜರ್!