ಪಾಲು ಕೇಳುವವರು ಮೊದಲು ಮನೆಮಂದಿಯನ್ನು ಕೇಳಲಿ

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ನಾಗರಿಕರೇ, ಕಾರ್ಮಿಕರೇ, ಬಾಡಿಗೆ ಮನೆಯ ಬಂಧುಗಳೇ,

"ತೆರಿಗೆ ಕಟ್ಟುವವರು ನಾವು, ರಸ್ತೆ ತುಂಬ ಗುಂಡಿ. ನಮ್ಮ ಪ್ರದೇಶ ಬೇರೆ ಮಾಡಿ, ನಮ್ಮ ಕೈಗೇ ಕೊಡಿ" ಎಂಬ ಮಾತು ಕೈಗಾರಿಕಾ ವಲಯಗಳಲ್ಲಿ ಆಗಾಗ ಏಳುತ್ತದೆ. ಈ ಸಿಟ್ಟು ನ್ಯಾಯವಾದದ್ದೇ. ಮಳೆಗಾಲದಲ್ಲಿ ಪೀಣ್ಯದ ಸಣ್ಣ ಕಾರ್ಖಾನೆಯ ಬಾಗಿಲಿಗೆ ಲಾರಿ ತರುವ ಪಾಡು ಎಲ್ಲರಿಗೂ ಗೊತ್ತು. ಆದರೆ ಬೇರೆಯಾಗುವ ತೀರ್ಮಾನ ಯಾರದು? ಅಲ್ಲಿ ಬದುಕುವ ಎಲ್ಲರದು, ಹಿಂದೆ ಉಳಿಯುವವರದೂ ಹೌದು. ನಮ್ಮ ಒತ್ತಾಯ ಇದೊಂದೇ.

ಎಲೆಕ್ಟ್ರಾನಿಕ್ ಸಿಟಿ ಹುಟ್ಟಿದ್ದು ಖಾಸಗಿ ಜಾಗದಲ್ಲಲ್ಲ. 1978ರಲ್ಲಿ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್, ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಅದನ್ನು ಕಟ್ಟಿತು. 2013ರಲ್ಲಿ ಆ ಪ್ರದೇಶ ಬೇರೆಯಾಗಿ, ಅದಕ್ಕೆ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ, ಅಂದರೆ ಎಲ್ಸಿಟಾ, ಬಂತು. ಬೀದಿದೀಪ, ರಸ್ತೆ ಅಚ್ಚುಕಟ್ಟಾಗಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ವಾರ್ಡ್ ಇಲ್ಲ, ಚುನಾವಣೆ ಇಲ್ಲ. ಆ ಗೇಟುಗಳ ಒಳಗೆ ಕಾವಲು ಕಾಯುವವರು, ಕಸ ಗುಡಿಸುವವರು ರಾತ್ರಿ ಮಲಗುವುದು ಸುತ್ತಲಿನ ಹಳ್ಳಿಗಳ ಒಂಟಿ ಕೋಣೆಗಳಲ್ಲಿ. ಅಲ್ಲಿನ ಚರಂಡಿಗೆ ಹಣ ಎಲ್ಲಿಂದ ಬರಬೇಕು?

ಚುನಾವಣೆಯಿಲ್ಲದ ಇಂಥ ಟೌನ್‌ಶಿಪ್‌ಗೆ ಸಂವಿಧಾನದ 243ಕ್ಯೂ ವಿಧಿಯೇ ದಾರಿ ಕೊಟ್ಟಿದೆ. ಕೈಗಾರಿಕಾ ಸಂಸ್ಥೆಯೇ ಸೌಕರ್ಯ ಒದಗಿಸುವ ಕಡೆ ರಾಜ್ಯಪಾಲರು ಅಧಿಸೂಚನೆ ಹೊರಡಿಸಿದರೆ ಸಾಕು, ಚುನಾಯಿತ ಪುರಸಭೆ ಬೇಕಿಲ್ಲ. ಜನರ ಮತ ಪಡೆಯಿರಿ ಎಂಬ ಒಂದು ಮಾತೂ ಅದರಲ್ಲಿಲ್ಲ.

ದೇಶಗಳೇ ಒಡೆಯುವಾಗ ಜಗತ್ತು ಇದಕ್ಕಿಂತ ಹೆಚ್ಚು ಕೇಳುತ್ತದೆ. ಕ್ವಿಬೆಕ್ ಪ್ರಾಂತ್ಯ ಪ್ರತ್ಯೇಕವಾಗಬಹುದೇ ಎಂಬ ಪ್ರಶ್ನೆಗೆ ಕೆನಡಾದ ಸುಪ್ರೀಂ ಕೋರ್ಟ್ 1998ರಲ್ಲಿ ಉತ್ತರಿಸಿತು: ಏಕಪಕ್ಷೀಯವಾಗಿ ಹೊರಡುವ ಹಕ್ಕು ಕ್ವಿಬೆಕ್‌ಗೆ ಇಲ್ಲ, ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದವರು ಮಾತುಕತೆಗೆ ಕೂರಲೇಬೇಕು. ಅಂತರರಾಷ್ಟ್ರೀಯ ಕಾನೂನು ಇಂಥ ಹಕ್ಕನ್ನು ಒಪ್ಪುವುದು ವಸಾಹತುಗಳಿಗೆ, ಪರಕೀಯ ಆಕ್ರಮಣದಡಿ ನರಳುವ ಜನರಿಗೆ. ಆಡಳಿತದ ಬಾಗಿಲೇ ಮುಚ್ಚಿಹೋದವರಿಗೂ ಇರಬಹುದೇನೋ ಎಂದಷ್ಟೇ ಕೋರ್ಟ್ ಹೇಳಿತು. ಮಂತ್ರಿಗಳ ಮನೆ ಬಾಗಿಲು ಸದಾ ತೆರೆದಿರುವ ಉದ್ಯಮಿಗಳು ಆ ಸಾಲಿನಲ್ಲಿ ನಿಲ್ಲಲಾರರು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ನಿದರ್ಶನ ಲಾಸ್ ಏಂಜಲೀಸ್‌ನದು. 2002ರಲ್ಲಿ ಸ್ಯಾನ್ ಫರ್ನಾಂಡೋ ಕಣಿವೆಯವರು ಆ ನಗರದಿಂದ ಬೇರೆಯಾಗಲು ಹೊರಟರು. ಕಣಿವೆಯಲ್ಲೂ ಬಹುಮತ ಬೇಕು, ಇಡೀ ನಗರದಲ್ಲೂ ಬೇಕು ಎಂಬುದು ಅಲ್ಲಿನ ಕಾನೂನು; ಹೋಗುವವರು ಉಳಿದ ನಗರಕ್ಕೆ ಆಗುವ ವರಮಾನದ ನಷ್ಟವನ್ನೂ ತುಂಬಿಕೊಡಬೇಕಿತ್ತು. ಕಣಿವೆ ಕೂದಲೆಳೆಯ ಅಂತರದಲ್ಲಿ ಹೌದೆಂದಿತು, ನಗರ ಬೇಡವೆಂದಿತು. ಪ್ರಸ್ತಾಪ ಬಿತ್ತು. ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ ನಮ್ಮ ಹಳ್ಳಿಗಳಲ್ಲೂ ಹಿರಿಯರನ್ನು ಕೂರಿಸಿ ಸಾಲ, ಬಾವಿ, ದಾರಿಯನ್ನೆಲ್ಲ ಲೆಕ್ಕ ಹಾಕುತ್ತಾರಲ್ಲವೇ?

ಗಡಿ ಎಳೆದ ಮಾತ್ರಕ್ಕೆ ನೀರು ನಿಲ್ಲುವುದಿಲ್ಲ. ನಗರದ ಕೊಳಚೆ ಬೆಳ್ಳಂದೂರು ಕೆರೆಗೆ ಇಳಿಯುತ್ತದೆ, ಅಲ್ಲಿಂದ ವರ್ತೂರು ಕೆರೆಗೆ, ಮುಂದೆ ದಕ್ಷಿಣ ಪಿನಾಕಿನಿ ನದಿಗೆ. ವರ್ತೂರಿನ ನೊರೆ ರಸ್ತೆಗೆ ಹಾರಿ ವೈಟ್‌ಫೀಲ್ಡ್‌ಗೆ ಹೋಗುವವರ ಮೈಮೇಲೆ ಬಿದ್ದಾಗ ಯಾವ ಗಡಿಕಲ್ಲು ಅದನ್ನು ತಡೆಯಿತು?

ಪಾಲಿಕೆಯ ಪರ ನಾವು ವಹಿಸುತ್ತಿಲ್ಲ. ಬೆಂಗಳೂರಿನ ಮಹಾನಗರ ಪಾಲಿಕೆಯಾಗಿದ್ದ ಬಿಬಿಎಂಪಿಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆದಾಗಲೂ ನಮ್ಮ ಮತ ಕೇಳಲಿಲ್ಲ. ಆ ಅನ್ಯಾಯಕ್ಕೆ ಮದ್ದು ಮತಪೆಟ್ಟಿಗೆ. ಮತವೇ ಇಲ್ಲದ ಟೌನ್‌ಶಿಪ್ ಅಲ್ಲ.

ಆದ್ದರಿಂದ ರಾಜ್ಯ ಸರ್ಕಾರ ಟೌನ್‌ಶಿಪ್‌ಗೆ ಸಂಬಂಧಿಸಿದ ತನ್ನ ಕಾಯ್ದೆಯನ್ನು ತಿದ್ದಲಿ. ಹೊಸ ಟೌನ್‌ಶಿಪ್‌ಗೆ ಮುನ್ನ ಒಳಗಿನವರ ಮತವೂ ಸುತ್ತಲಿನವರ ಮತವೂ ಆಗಲಿ. ಬಾಡಿಗೆದಾರರ ಹೆಸರೂ ಪಟ್ಟಿಯಲ್ಲಿರಲಿ. ತೆರಿಗೆಯಲ್ಲಿ ಪಕ್ಕದ ಹಳ್ಳಿಗಳ ಪಾಲನ್ನು ಕಾನೂನಿನಲ್ಲೇ ಬರೆಯಲಿ. ಈಗಿರುವ ಪ್ರಾಧಿಕಾರಕ್ಕೆ ಕಾರ್ಮಿಕರ, ನಿವಾಸಿಗಳ ಚುನಾಯಿತ ಪ್ರತಿನಿಧಿಗಳು ಬರಲಿ. ಮುಂದಿನ ವಾರ್ಡ್ ಸಭೆಯಲ್ಲಿ ಅಥವಾ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಓದಿಸಿ, ನಿರ್ಣಯ ಬರೆಸಿ, ಅದರ ಪ್ರತಿಯನ್ನು ನಿಮ್ಮ ಶಾಸಕರ ಕಚೇರಿಗೆ ತಲುಪಿಸಿ ಸ್ವೀಕೃತಿ ಪಡೆಯಿರಿ.