ಕುಂಟೋ ಎತ್ತು, ತೇಕೋ ಎತ್ತು ಗಾಡಾಕ್ಕ ಬ್ಯಾಡ

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಜಾತ್ರಿ ಬಂತಂದ್ರ ಖಾಲಿ ಗಾಡಾ ಓಟದ ಹ್ಯಾಂಡ್‌ಬಿಲ್ ಬರತಾವ. ಓಟ ಬಂದ್ ಮಾಡ್ರಿ ಅನ್ನಾಂವ ನಾ ಅಲ್ಲ. ನನ್ನ ಮಾತು ಒಂದ: ಎತ್ತು ಓಡಾಕ ಲಾಯಕ್ ಐತೋ ಇಲ್ಲೋ ಅನ್ನೋದನ್ನ ಮಾಲೀಕರ ಕೈಯಾಗ ಬಿಡಬಾರದು. ಕಮಿಟಿಯವರು ನೋಡಿ ಬಿಡಬೇಕು.

ಯಾಕಂದ್ರ ಅವತ್ತು ಮಾಲೀಕರಿಗೆ ಕಣ್ಣು ಕಾಣಂಗಿಲ್ಲ. ಲಕ್ಷಗಟ್ಟಲೆ ಕೊಟ್ಟು ಜೋಡಿ ತಂದಿರತಾರ, ಊರ ಹುಡುಗರೆಲ್ಲ ಟ್ರ್ಯಾಕ್ಟರ್ ಹತ್ತಿ ಬಂದಿರತಾರ. ಎತ್ತು ಸಣ್ಣಗ ಕುಂಟಿದ್ರೂ "ಮೈ ಬಿಸಿ ಆದ್ರ ಸರಿ ಹೋಗತೈತಿ" ಅಂತಾರ. ಬಿಸಿ ಆದಾಗ ಎಷ್ಟೋ ಸಲ ಕುಂಟೋದು ಕಡಿಮಿ ಕಾಣತೈತಿ, ಖರೆ. ಮರುದಿನ ಮುಂಜಾನೆ ಗ್ವಾದಲಿ ಮುಂದ ಎತ್ತು ಏಳಾಕ ಒದ್ದಾಡತೈತಿ. ನೋವಿನ ಇಂಜೆಕ್ಷನ್ ಹಾಕಿಸಿ ಓಡಿಸೋದು ಇನ್ನೂ ಕೆಟ್ಟದ್ದು. ನೋವು ಮುಚ್ಚತೈತಿ, ಪೆಟ್ಟು ಹಂಗ ಇರತೈತಿ, ಅದರ ಮ್ಯಾಲೆ ಪೂರಾ ಭಾರ ಬೀಳತೈತಿ.

ನಮ್ಮ ನೆಲಾನೂ ಹಂತಾದ್ದು. ಮಸಾರಿಯೊಳಗ ಗರಸು ಕಲ್ಲು, ಬ್ಯಾಸಗ್ಯಾಗ ಎರಿ ಹೊಲದಾಗ ಬಿರುಕು. ಗೊರಸಿನ ಸಂದಿಯೊಳಗ ಒಂದು ಹಳ್ಳು ಸಿಕ್ಕಿದ್ರ ಸಾಕು. ಕುಂಟೋ ಎತ್ತು ಕಂಡ್ರ ಮೊದಲು ಗೊರಸು ಎತ್ತಿ ನೋಡ್ರಿ, ಭುಜಕ್ಕ ಎಣ್ಣಿ ತಿಕ್ಕೋದು ಆಮ್ಯಾಲೆ.

ಕುಂಟೋದು ಕಣ್ಣಿಗೆ ಕಾಣತೈತಿ, ಉಸಿರಿನ ತ್ರಾಸು ಹಂಗ ಕಾಣಂಗಿಲ್ಲ. ಮೈಗೆ ಹೋಲಿಸಿದ್ರ ದನದ ಶ್ವಾಸಕೋಶ ಕುದುರೆಯದಕ್ಕಿಂತ ಸಣ್ಣದು. ಅದರಾಗ ಕಾಲುಬಾಯಿ ಬ್ಯಾನಿ ಬಂದು ಹೋದ ಎತ್ತು ಇದ್ರ ಹುಷಾರಾಗಿರ್ರಿ. ಬಾಯಿ, ಗೊರಸು ಮಾಯ್ದ ಮ್ಯಾಲೂ ಕೆಲವು ದನಕ್ಕ ತೇಕು ಉಳೀತೈತಿ. ಬಿಸಿಲು ತಡೆಯಂಗಿಲ್ಲ, ಮೈಗೂದಲು ಉದ್ದ ಬೆಳೀತೈತಿ, ಸ್ವಲ್ಪ ಕೆಲಸಕ್ಕ ಏದುಸಿರು ಬಿಡತೈತಿ. 2022ರಾಗ ಬಂದ ಚರ್ಮಗಂಟು ರೋಗಾನೂ ಹಂಗ. ಕಾಲು ಬಾತು ಕುಂಟಿಸಿತು, ಕೆಲವಕ್ಕ ಗಂಟು ಉಸಿರುನಾಳದ ತನಕಾನೂ ಹೋದವು. ಇನ್ನ ಬೂಸ್ಟು ಹಿಡಿದ ಕಣಕಿ, ಧೂಳಿನ ಶೇಂಗಾ ಹೊಟ್ಟು. ಧೂಳಿದ್ರ ನೀರು ಚಿಮುಕಿಸಿ ಹಾಕ್ರಿ, ಬೂಸ್ಟು ಹಿಡಿದದ್ದು ತಿಪ್ಪಿಗೆ ಒಗೀರಿ.

ಕುದುರೆ ಮಂದಿ ಇದಕ್ಕೊಂದು ಪದ್ಧತಿ ಮಾಡ್ಯಾರ. ಎಂಡ್ಯೂರೆನ್ಸ್ ಅನ್ನೋ ದೂರದ ಓಟ ಒಂದ ದಿನಕ್ಕ 160 ಕಿಲೋಮೀಟರ್ ತನಕ ಇರತೈತಿ. ನಡುನಡುವೆ ಡಾಕ್ಟರು ಕುದುರೆ ನಿಲ್ಲಿಸಿ ಎದೆಬಡಿತ ಎಣಸ್ತಾರ. ಹೇಳಿದ ಹೊತ್ತಿನೊಳಗ ಅದು ಸಾಮಾನ್ಯವಾಗಿ ನಿಮಿಷಕ್ಕ 64ಕ್ಕ ಇಳೀಬೇಕು. ಆಮ್ಯಾಲೆ ಹಗ್ಗ ಹಿಡಿದು ನೆಟ್ಟಗ ಓಡಿಸಿ ಕಾಲು ನೋಡ್ತಾರ. ಕುಂಟಿದ್ರ ಹೊರಗ. ಎಷ್ಟ ದುಡ್ಡಿನ ಕುದುರೆ ಇರಲಿ.

ನಮ್ಮ ಕಮಿಟಿಯವರಿಗೂ ಇದು ಹತ್ತು ನಿಮಿಷದ ಕೆಲಸ. ಹೆಸರು ಬರಸುವಾಗ ಎತ್ತನ್ನ ಗಟ್ಟಿ ನೆಲದ ಮ್ಯಾಲೆ ನೆಟ್ಟಗ ನಡಸ್ರಿ. ಮುಂಗಾಲು ನೋಯತಿದ್ರ ಆ ಕಾಲು ಊರುವಾಗ ತೆಲಿ ಮ್ಯಾಲೆ ಎತ್ತತೈತಿ. ನೆರಳಾಗ ನಿಲ್ಲಿಸಿ ಪಕ್ಕೆ ಏರಿಳಿಯೋದು ಎಣಸ್ರಿ. ಸುಮ್ಮನ ನಿಂತಾಗ ನಿಮಿಷಕ್ಕ 10ರಿಂದ 30 ಉಸಿರು ಸರಿ. ಓಡಿದ ಮ್ಯಾಲೆ ಅರ್ಧ ತಾಸಾದ್ರೂ ಬಾಯಿ ತೆರೆದು ನಾಲಿಗಿ ಹೊರಗ ಹಾಕಿದ್ರ ಮುಂದಿನ ಸುತ್ತು ಇಲ್ಲ. ಡಾಕ್ಟರಿಗೆ ಮೊದಲ ಹೇಳಿ ಇಟ್ಟುಕೊಳ್ರಿ, 1962 ನಂಬರೂ ಐತಿ. ಗದಗಿನಾಗ ಪಶುವೈದ್ಯಕೀಯ ಕಾಲೇಜೇ ಐತಿ.

"ಇಷ್ಟೆಲ್ಲಾ ಮಾಡಿದ್ರ ಜೋಡಿ ಯಾರು ತರತಾರ?" ಅಂತ ಕೇಳತಾರ. 2014ರಾಗ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ನಿಲ್ಲಿಸಿದ್ದು ನೆನಪು ಮಾಡಿಕೊಳ್ರಿ. 2017ರಾಗ ನಮ್ಮ ರಾಜ್ಯ ಕಾಯ್ದೆ ತಿದ್ದಿತು. 2023ರ ಮೇ 18ಕ್ಕ ಕೋರ್ಟ್ ಅದನ್ನ ಒಪ್ಪಿದ್ದು ಪ್ರಾಣಿಗೆ ನೋವು ಕಡಿಮಿ ಆಗತೈತಿ ಅನ್ನೋ ಮಾತಿನ ಮ್ಯಾಲೆ. ಮೂಗಿನಾಗ ನೊರಿ ಬಂದು ಬಿದ್ದ ಒಂದು ಎತ್ತಿನ ವಿಡಿಯೋ ಸಾಕು, ಆ ಮಾತು ಸುಳ್ಳು ಅನ್ನಾಕ.

ನಿಮ್ಮೂರ ಜಾತ್ರಿ ಮೀಟಿಂಗ್‌ನ್ಯಾಗ ಈ ವಿಷಯ ಎತ್ರಿ. ಬಹುಮಾನದ ಬೈಕ್ ಯಾರು ಕೊಡಬೇಕು ಅನ್ನೋದಕ್ಕಿಂತ ಮೊದಲು ಎತ್ತ್ರಿ.